ಹಳದಿ ವಿಮಾನ ಮಾಡೆಲ್‌ಗೆ ಬಣ್ಣ ಹೊಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಸಿರು, ಬೂದು, ಕಂದು ಬಣ್ಣಗಳಲ್ಲಿ ಐದಾರು ವಿಮಾನ ಮುಗಿಸಿ ಕೈ ಪಳಗಿದವರೂ ಹಳದಿಗೆ ಬಂದಾಗ ಒಮ್ಮೆ ಮುಗ್ಗರಿಸುತ್ತಾರೆ. ನಾನು ಮುಗ್ಗರಿಸಿದ್ದು ಎರಡು ಸಲ. ಆಗ ಕಲಿತದ್ದೇ ಇಲ್ಲಿನ ಉತ್ತರಗಳಲ್ಲಿ ಜಾಸ್ತಿ ಇದೆ.

ಹಳದಿ ಯಾಕೆ ಇಷ್ಟು ಕಾಟ ಕೊಡುತ್ತದೆ?

ಹಳದಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ. ಹಿಂದೆ ನಿಜವಾದ ವಿಮಾನಗಳಿಗೆ ಬಳಿಯುತ್ತಿದ್ದ ಕ್ರೋಮ್ ಹಳದಿಯಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಅದು ಚೆನ್ನಾಗಿ ಮುಚ್ಚುತ್ತಿತ್ತು, ಆದರೆ ವಿಷ. ಈಗಿನ ಮಾಡೆಲ್ ಬಣ್ಣಗಳಲ್ಲಿ ಹೆಚ್ಚಾಗಿ ಇರುವುದು ಸಾವಯವ ವರ್ಣದ್ರವ್ಯ. ನೋಡಲು ಚೆಂದ, ಕೈಗೂ ಸುರಕ್ಷಿತ, ಆದರೆ ಅರ್ಧ ಪಾರದರ್ಶಕ. ಬೆಳಕು ಅದನ್ನು ದಾಟಿ ಕೆಳಗಿನ ಪದರಕ್ಕೆ ಹೋಗಿ, ಅಲ್ಲಿಂದ ವಾಪಸ್ ಬರುತ್ತದೆ. ಅಂದರೆ ನಮ್ಮ ಕಣ್ಣಿಗೆ ಬೀಳುವುದು ಬರೀ ಹಳದಿ ಅಲ್ಲ, ಹಳದಿಯ ಜೊತೆಗೆ ಅದರ ಅಡಿಯಲ್ಲಿರುವುದೂ ಸೇರಿದ ಬಣ್ಣ.

ಇನ್ನೊಂದು ತೊಂದರೆಯೂ ಇದೆ. ಹಳದಿಗೆ ಸ್ವಲ್ಪ ಕಪ್ಪು ಸೇರಿಸಿ ನೋಡಿ, ಗಾಢ ಹಳದಿ ಆಗುವುದಿಲ್ಲ, ಹಸಿರಿಗೆ ತಿರುಗುತ್ತದೆ. ಅಡಿಯಲ್ಲಿ ಬೂದು ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಪದರ) ಇದ್ದರೂ ಆಗುವುದು ಇದೇ. ನನ್ನ ಮೊದಲ ಹಾರ್ವರ್ಡ್ ತರಬೇತಿ ವಿಮಾನದ ರೆಕ್ಕೆ ಹೀಗೇ ಪಾಚಿ ಹಿಡಿದಂತೆ ಕಂಡಿತು. ಬಣ್ಣದ ಬಾಟಲಿಯೇ ಸರಿ ಇಲ್ಲ ಅಂದುಕೊಂಡು ಹೊಸದು ತಂದೆ. ಅದರಲ್ಲೂ ಅದೇ ಕಥೆ.

ಹಾಗಾದರೆ ಯಾವ ಪ್ರೈಮರ್ ಹಾಕಬೇಕು?

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ನನ್ನ ಮಾತು ನಂಬಬೇಡಿ, ಒಂದು ಬಿಳಿ ಪ್ಲಾಸ್ಟಿಕ್ ಚಮಚ ತಗೊಳ್ಳಿ. ಅದರ ಉಬ್ಬಿದ ಬೆನ್ನಿನ ಮೇಲೆ ಪಕ್ಕಪಕ್ಕದಲ್ಲಿ ನಾಲ್ಕು ಪಟ್ಟಿ ಹೊಡೆಯಿರಿ: ಕಪ್ಪು, ಬೂದು, ಬಿಳಿ, ಗುಲಾಬಿ. ಒಣಗಿದ ಮೇಲೆ ಅಡ್ಡಲಾಗಿ ಹಳದಿ ಹೊಡೆಯುತ್ತಾ ಹೋಗಿ.

ನನ್ನ ಚಮಚದಲ್ಲಿ ಎರಡನೇ ಕೋಟ್‌ಗೆ ಕಪ್ಪು ಪಟ್ಟಿ ಸೇನೆಯ ಲಾರಿಯ ಹಸಿರಾಗಿತ್ತು. ಬೂದು ಪಟ್ಟಿ ಹಸಿರು ಬೆರೆತ ಮಂಕು ಹಳದಿ. ಬಿಳಿಯ ಮೇಲೆ ಹಳದಿ ತೆಳ್ಳಗೆ, ತಣ್ಣಗೆ, ನಿಂಬೆ ಬಣ್ಣದ ಕಡೆಗೆ ವಾಲಿತ್ತು. ಗುಲಾಬಿಯ ಮೇಲೆ ಮಾತ್ರ ಆಗಲೇ ಬಿಸುಪು ಬಂದಿತ್ತು, ಚಿನ್ನದ ಹಳದಿಗೆ ಹತ್ತಿರ. ಐದನೇ ಕೋಟ್‌ಗೆ ಬಿಳಿಯೂ ಗುಲಾಬಿಯೂ ಸಮವಾಗಿ ಮುಚ್ಚಿಕೊಂಡವು, ಆದರೆ ಎರಡರ ಛಾಯೆ ಬೇರೆಯಾಗಿಯೇ ಉಳಿಯಿತು. ಬೂದು ಐದಕ್ಕೂ ಬಗ್ಗಲಿಲ್ಲ.

ಅದಕ್ಕೇ ನನ್ನ ಲೆಕ್ಕ ಹೀಗೆ. ನಿಂಬೆ ಹಳದಿ, ಪ್ರಖರ ಹಳದಿ ಬೇಕಿದ್ದರೆ ಬಿಳಿ. ತರಬೇತಿ ವಿಮಾನಗಳ ಕಿತ್ತಳೆ ಕಡೆಗೆ ವಾಲುವ ಹಳದಿ ಬೇಕಿದ್ದರೆ ಗುಲಾಬಿ. ಟಾಮಿಯಾ ಕಂಪನಿಯ ಸ್ಪ್ರೇ ಪ್ರೈಮರ್ ಗುಲಾಬಿಯಲ್ಲೂ ಸಿಗುತ್ತದೆ. ಬಿಳಿ ಪ್ರೈಮರ್ ಬಹುತೇಕ ಎಲ್ಲ ಕಂಪನಿಗಳಲ್ಲೂ ಇದೆ.

ಗುಲಾಬಿ ಪ್ರೈಮರ್ ಸಿಗದಿದ್ದರೆ?

ಬಿಳಿ ಪ್ರೈಮರ್‌ಗೆ ಅದೇ ಜಾತಿಯ ಕೆಂಪು ಬಣ್ಣ ಒಂದೆರಡು ಹನಿ ಬೆರೆಸಿ. ಮಗುವಿನ ಅಂಗೈಯಷ್ಟು ತಿಳಿ ಗುಲಾಬಿ ಸಾಕು, ಅದಕ್ಕಿಂತ ಗಾಢವಾದರೆ ಹಳದಿ ಕಿತ್ತಳೆ ಆಗುತ್ತದೆ. ಬೊಂಬೆಗಳಿಗೆ ಬಣ್ಣ ಹಚ್ಚುವವರು ಹಳದಿಯ ಅಡಿಗೆ ಮಣ್ಣಿನ ಹಳದಿ ಅಥವಾ ತಿಳಿ ಕಂದು ಹಾಕುತ್ತಾರೆ. ವಿಮಾನಕ್ಕೂ ಅದು ನಡೆಯುತ್ತದೆ, ಮಾಸಿದ ಹಳದಿ ಬೇಕಿದ್ದಾಗ ಇನ್ನೂ ಚೆನ್ನ.

ಬೂದು ಪ್ರೈಮರ್ ಪೂರ್ತಿ ಬಿಡಬೇಕಾ?

ಬೇಡ. ಜೋಡಣೆಯ ಗೆರೆ, ಗೀರು, ಪುಟ್ಟಿ ಕುಳಿಗಳು ಬಿಳಿಯ ಮೇಲೆ ಕಾಣುವುದೇ ಇಲ್ಲ, ಬೂದಿನ ಮೇಲೆ ಎದ್ದು ಕಾಣುತ್ತವೆ. ಮೊದಲು ತೆಳ್ಳಗೆ ಬೂದು ಹೊಡೆಯಿರಿ, ತಪ್ಪು ಹುಡುಕಿ, ಉಜ್ಜಿ ಸರಿಮಾಡಿ. ಆಮೇಲೆ ಬಿಳಿಯೋ ಗುಲಾಬಿಯೋ. ಆದರೆ ಬೂದು ಒಂದು ಚೂರೂ ಇಣುಕದಂತೆ ಮುಚ್ಚಬೇಕು. ಬಿಳಿಯೂ ಮುಚ್ಚುವುದರಲ್ಲಿ ಸೋಮಾರಿಯೇ, ಎರಡು ಮೂರು ಕೋಟ್ ಕೇಳುತ್ತದೆ. ಪುಟ್ಟಿ ಹಾಕಿದ ಜಾಗ, ಬರೀ ಪ್ಲಾಸ್ಟಿಕ್ ಜಾಗ ಎರಡೂ ಒಂದೇ ಬಿಳುಪಿಗೆ ಬರುವ ತನಕ ಹಳದಿ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ. ಇಲ್ಲಿ ಉಳಿದ ಕಲೆಯನ್ನು ಮೇಲಿನ ಹಳದಿ ಮುಚ್ಚುವುದಿಲ್ಲ.

ಕಿಟ್ ಕೆಂಪು ಪ್ಲಾಸ್ಟಿಕ್‌ನದ್ದಾಗಿದ್ದರೆ ಇನ್ನೊಂದು ಎಚ್ಚರ. ಪ್ಲಾಸ್ಟಿಕ್‌ನಲ್ಲಿರುವ ಕೆಂಪು ಬಣ್ಣ ಲ್ಯಾಕರ್ (ಕಟು ದ್ರಾವಕದ, ಬೇಗ ಆರುವ ಬಣ್ಣ) ಪದರಗಳನ್ನು ದಾಟಿ ಮೇಲೆ ಬರುವುದುಂಟು. ಅಡಿಗೆ ಒಂದು ಬೆಳ್ಳಿ ಬಣ್ಣದ ಕೋಟ್ ಹಾಕಿದರೆ ತಡೆ ಬೀಳುತ್ತದೆ.

ನನ್ನ ವಿಮಾನಕ್ಕೆ ಸರಿಯಾದ ಹಳದಿ ಯಾವುದು?

ವಿಮಾನದ ಮೇಲೆ ಅವಲಂಬಿತ. ಅಮೆರಿಕದ ನೌಕಾಪಡೆಯ ತರಬೇತಿ ವಿಮಾನಗಳಾದ ಎನ್3ಎನ್, ಸ್ಟಿಯರ್‌ಮನ್ ಮೈತುಂಬ ಹಳದಿ. ಅವಕ್ಕೆ ‘ಯೆಲ್ಲೋ ಪೆರಿಲ್’ ಅಂತ ಅಡ್ಡಹೆಸರೇ ಇತ್ತು. ಕಲಿಯುವವನು ಹಾರಿಸುತ್ತಿದ್ದಾನೆ, ದೂರ ಇರಿ ಅಂತ ಹೇಳುವ ಬಣ್ಣ ಅದು. ಕೆನಡಾದ ಹಾರ್ವರ್ಡ್‌ಗಳೂ ಪೂರ್ತಿ ಹಳದಿ. ಎರಡನೇ ಮಹಾಯುದ್ಧದ ಬ್ರಿಟಿಷ್ ತರಬೇತಿ ವಿಮಾನಗಳಿಗೆ ಹೊಟ್ಟೆ ಹಳದಿ, ಬೆನ್ನು ಮಾತ್ರ ಕಂದು-ಹಸಿರು. 1940ರ ನವೆಂಬರ್ 25ರಂದು ಮೊದಲ ಸಲ ಹಾರಿದ ಬ್ರಿಟನ್ನಿನ ಮಾಸ್ಕಿಟೊ ಯುದ್ಧವಿಮಾನದ ಮೂಲಮಾದರಿಯೂ ಹಳದಿಯೇ. ನೆಲದಲ್ಲಿದ್ದ ಸ್ವಂತ ತೋಪುಗಳವರು ಶತ್ರು ಅಂದುಕೊಂಡು ಹೊಡೆಯಬಾರದಲ್ಲ!

ಬಾಟಲಿ ಆರಿಸುವಾಗ ಹೆಸರಿಗಿಂತ ಸಂಖ್ಯೆ ನೋಡಿ. ಅಮೆರಿಕದ ಸರ್ಕಾರಿ ಬಣ್ಣಪಟ್ಟಿ ಎಫ್‌ಎಸ್ 595ರಲ್ಲಿ ಪ್ರತಿ ಬಣ್ಣಕ್ಕೆ ಐದು ಅಂಕಿ ಇರುತ್ತವೆ. ಮೊದಲ ಅಂಕಿ 1 ಇದ್ದರೆ ಹೊಳಪು, 2 ಅರೆಹೊಳಪು, 3 ಮ್ಯಾಟ್ (ಹೊಳಪಿಲ್ಲದ್ದು). ಹಾಗಾಗಿ 13538, 33538 ಎರಡೂ ಒಂದೇ ಕಿತ್ತಳೆ-ಹಳದಿ, ವ್ಯತ್ಯಾಸ ಹೊಳಪಿನದ್ದು ಮಾತ್ರ. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನದ ಮೂಗು, ಪಟ್ಟಿಗಳಿಗೆ ಅಲ್ಲಿನ ವಾಯುಯಾನ ಸಚಿವಾಲಯದ ಪಟ್ಟಿಯ ಆರ್‌ಎಲ್‌ಎಂ 04. ಪೈಪರ್ ಜೆ-3 ಕಬ್‌ನ ಹಳದಿಗೆ ಕಾರ್ಖಾನೆ ಇದ್ದ ಪೆನ್ಸಿಲ್ವೇನಿಯಾದ ಊರಿನ ಹೆಸರೇ ಬಂದಿದೆ, ಲಾಕ್ ಹೇವನ್ ಹಳದಿ.

ಹಳೆಯ ಬಣ್ಣದ ಫೋಟೋ ನೋಡಿ ಛಾಯೆ ನಿರ್ಧರಿಸಬೇಡಿ. ಫಿಲ್ಮ್ ಹಳತಾದಂತೆ ಬಣ್ಣ ಜಾರುತ್ತದೆ. ಕಪ್ಪು-ಬಿಳಿ ಫೋಟೋದಲ್ಲಿ ಇನ್ನೂ ಮಜಾ: ಹಳೆಯ ಕೆಲವು ಫಿಲ್ಮ್‌ಗಳಲ್ಲಿ ಹಳದಿ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ.

ಮಾಡೆಲ್ ಚಿಕ್ಕದಾದರೆ ಬಣ್ಣ ತಿಳಿ ಮಾಡಬೇಕು ಅನ್ನುತ್ತಾರೆ, ನಿಜವಾ?

1/72 ಅಳತೆಯಲ್ಲಿ (ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಭಾಗ) ಗಾಢ ಬಣ್ಣಗಳಿಗೆ ಸ್ವಲ್ಪ ಬಿಳಿ ಸೇರಿಸುವುದು ವಾಡಿಕೆ. ಹಳದಿ ಮೊದಲೇ ತಿಳಿ ಬಣ್ಣ. ನಾನು ಒಂದೆರಡು ಹನಿಗಿಂತ ಜಾಸ್ತಿ ಹಾಕುವುದಿಲ್ಲ. ಹೆಚ್ಚು ಬಿಳಿ ಸೇರಿದರೆ ಚೆನ್ನಾಗಿ ಮುಚ್ಚುತ್ತದೆ ನಿಜ, ಆದರೆ ಬಣ್ಣಕ್ಕೆ ಜೀವ ಇರುವುದಿಲ್ಲ.

ಏರ್‌ಬ್ರಷ್‌ನಲ್ಲಿ ಎಷ್ಟು ತಿನ್ನರ್, ಎಷ್ಟು ಒತ್ತಡ, ಎಷ್ಟು ಕೋಟ್?

ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಊದುವ ಪೆನ್ನಿನಂಥ ಸಾಧನ. ನಾನು ಬಳಸುವುದು 0.3 ಮಿಲಿಮೀಟರ್ ಸೂಜಿ, 15 ಪಿಎಸ್‌ಐ ಆಸುಪಾಸು ಗಾಳಿಯ ಒತ್ತಡ, ಎಂಟು ಹತ್ತು ಸೆಂಟಿಮೀಟರ್ ದೂರ. ಲ್ಯಾಕರ್ ಬಣ್ಣಕ್ಕೆ ಒಂದು ಭಾಗಕ್ಕೆ ಒಂದೂವರೆಯಿಂದ ಎರಡು ಭಾಗ ತಿನ್ನರ್, ಅದರಲ್ಲೂ ನಿಧಾನವಾಗಿ ಆರುವ ಲೆವೆಲಿಂಗ್ ತಿನ್ನರ್ ಆದರೆ ಒಳ್ಳೆಯದು. ಹನಿಗಳು ಆರುವ ಮೊದಲೇ ಒಂದಕ್ಕೊಂದು ಸೇರಿಕೊಂಡು ಮೈ ನಯವಾಗುತ್ತದೆ.

ಕೋಟ್ ನಾಲ್ಕರಿಂದ ಆರು. ಮೊದಲನೆಯದು ನೋಡಿದರೆ ನಿಮಗೆ ಬೇಜಾರಾಗಬೇಕು, ಅಷ್ಟು ತೆಳ್ಳಗೆ, ಚುಕ್ಕೆ ಚುಕ್ಕೆ. ಎರಡನೆಯದಕ್ಕೂ ಬಿಳಿ ಇಣುಕುತ್ತಿರುತ್ತದೆ. ಇಲ್ಲೇ ಎಲ್ಲರ ಕೈ ತಪ್ಪುವುದು. ‘ಇನ್ನೊಂಚೂರು’ ಅಂತ ಒಂದೇ ಜಾಗಕ್ಕೆ ಸುರಿದರೆ ಹಳದಿ ಸೋರಿ ಮೂಲೆಯಲ್ಲಿ ಕೊಳವಾಗುತ್ತದೆ, ಒಣಗಿದ ಮೇಲೆ ಆ ಜಾಗ ಕಿತ್ತಳೆಯಾಗಿ ಕಾಣುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಬನ್ನಿ. ಕೊನೆಯ ಎರಡು ಕೋಟ್ ಮಾತ್ರ ಒದ್ದೆಯಾಗಿ, ಮೈ ಮೇಲೆ ಬೆಳಕು ಹೊಳೆಯುವಷ್ಟು ಹೊಡೆಯಿರಿ.

ಬಿಳಿ ಪ್ರೈಮರ್ ಮೇಲೆ ಹಳದಿ ಎಲ್ಲಿ ತೆಳ್ಳಗಿದೆ ಅಂತ ಕಾಣುವುದೇ ಇಲ್ಲ. ಏನು ಮಾಡಲಿ?

ಮೇಜಿನ ದೀಪ ಹಳದಿ ಬೆಳಕಿನದ್ದಾ? ಹಾಗಿದ್ದರೆ ಅದರಡಿ ಬಿಳಿ, ಹಳದಿ ಎರಡೂ ಒಂದೇ. ಮೊದಲು ಅದನ್ನು ಬದಲಿಸಿ, ಇಲ್ಲವೇ ಹಗಲು ಬೆಳಕಿಗೆ ಬನ್ನಿ.

ಇದಕ್ಕಿಂತ ಚೆನ್ನಾದ ಉಪಾಯ ನನಗೆ ಆಕಸ್ಮಿಕವಾಗಿ ಸಿಕ್ಕಿತು. ಕೋಣೆ ಕತ್ತಲು ಮಾಡಿ, ಮೊಬೈಲ್ ಪರದೆ ತುಂಬ ಕಡು ನೀಲಿ ಚಿತ್ರ ತೆರೆದು ಮಾಡೆಲ್ ಹತ್ತಿರ ಹಿಡಿಯಿರಿ. ಹಳದಿ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಬಿಳಿ ವಾಪಸ್ ಕಳಿಸುತ್ತದೆ. ಹಾಗಾಗಿ ಚೆನ್ನಾಗಿ ಬಣ್ಣ ಬಿದ್ದ ಜಾಗ ಕಪ್ಪಗೆ ಕಾಣುತ್ತದೆ, ತೆಳ್ಳಗಿರುವ ಜಾಗ ತಿಳಿಯಾಗಿ ಹೊಳೆಯುತ್ತದೆ. ಮೊದಲ ಸಲ ನೋಡಿದಾಗ ನನ್ನ ರೆಕ್ಕೆಯ ಬುಡದಲ್ಲಿ, ಚೆನ್ನಾಗಿ ಮುಚ್ಚಿದೆ ಅಂದುಕೊಂಡ ಕಡೆಯೇ ಎರಡು ಬೆರಳಗಲ ಬೆಳ್ಳಗೆ ಮಿನುಗುತ್ತಿತ್ತು.

ರೆಕ್ಕೆಯ ಅಂಚುಗಳಲ್ಲಿ ಮಾತ್ರ ಬಿಳಿ ಇಣುಕುತ್ತಿದೆ

ಒದ್ದೆ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ಅದರ ಸ್ವಭಾವವೇ ಅದು. ಬೇರೆ ಬಣ್ಣದಲ್ಲಿ ಗೊತ್ತಾಗುವುದಿಲ್ಲ, ಹಳದಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅಗಲ ಜಾಗಗಳಿಗೆ ಹೋಗುವ ಮೊದಲು ಅಂಚು, ಮೂಲೆ, ರೆಕ್ಕೆ ಸೇರುವ ಸಂದು ಇಷ್ಟಕ್ಕೇ ಎರಡು ತೆಳು ಕೋಟ್ ಹೊಡೆದುಬಿಡಿ. ಅಂಚನ್ನು ಬ್ಲೇಡಿನಷ್ಟು ಚೂಪಾಗಿ ಬಿಡದೆ ನಯ ಸ್ಯಾಂಡ್ ಪೇಪರ್‌ನಲ್ಲಿ ಒಮ್ಮೆ ಸವರಿದರೂ ಬಣ್ಣ ನಿಲ್ಲುತ್ತದೆ.

ಏರ್‌ಬ್ರಷ್ ಇಲ್ಲ. ಸ್ಪ್ರೇ ಕ್ಯಾನ್ ಸಾಕಾ?

ಖಂಡಿತ ಸಾಕು. ಕ್ಯಾನ್ ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು, ಚೆನ್ನಾಗಿ ಕುಲುಕಿ. ಬಿಸಿ ನೀರು ಬೇಡವೇ ಬೇಡ, ಅದು ಒತ್ತಡದ ಡಬ್ಬಿ. ಇಪ್ಪತ್ತೈದು ಸೆಂಟಿಮೀಟರ್ ದೂರದಿಂದ, ಮಾಡೆಲ್‌ನ ಆಚೆ ಶುರುಮಾಡಿ ಆಚೆಗೇ ಮುಗಿಸಿ. ಮಳೆಯ ದಿನ ಮುಟ್ಟಬೇಡಿ. ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂತರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ.

ಲ್ಯಾಕರ್ ಹೊಡೆಯುವಾಗ ಕಿಟಕಿ ತೆರೆದಿರಲಿ, ಸಾವಯವ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಇರಲಿ. ಬಟ್ಟೆಯ ಮಾಸ್ಕ್ ಕಟ್ಟಿದರೂ ಒಂದೇ, ಬಿಟ್ಟರೂ ಒಂದೇ.

ಬ್ರಷ್‌ನಲ್ಲೇ ಹಚ್ಚಿದರೆ?

ಆಗುತ್ತದೆ, ತಾಳ್ಮೆ ಬೇಕು. ಅಗಲವಾದ ಮೆತ್ತನೆ ಬ್ರಷ್, ಹಾಲಿನಷ್ಟು ತೆಳುವಾದ ಬಣ್ಣ, ಆರೇಳು ಕೋಟ್. ಒಂದು ಕೋಟ್ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹಚ್ಚಿದ ಜಾಗಕ್ಕೆ ಬ್ರಷ್ ವಾಪಸ್ ಒಯ್ಯಬೇಡಿ, ಅರ್ಧ ಒಣಗಿದ ಹಳದಿ ಕಿತ್ತುಕೊಂಡು ಬರುತ್ತದೆ. ಅಡಿಗೆ ಮಣ್ಣಿನ ಹಳದಿ ಹಾಕಿದ್ದರೆ ಎರಡು ಕೋಟ್ ಉಳಿತಾಯ.

ಕೂದಲು, ದೂಳು, ಹುಳ ಕೂತರೆ?

ನಗಬೇಡಿ, ಹುಳದ ಸಮಸ್ಯೆ ನಿಜ. ಸಣ್ಣ ಹಾರುವ ಹುಳಗಳಿಗೆ ಹಳದಿ ಅಂದರೆ ಪ್ರಾಣ. ತೋಟಗಳಲ್ಲಿ ತೂಗುಹಾಕುವ ಅಂಟುಬಲೆಗಳು ಹಳದಿಯಾಗಿರುವುದು ಇದಕ್ಕೇ. ಸಂಜೆ ದೀಪದಡಿ ಹಳದಿ ಹೊಡೆದು ಮಾಡೆಲ್ ಬಿಟ್ಟು ಹೋದರೆ ಅವೂ ಬಂದು ಇಳಿಯುತ್ತವೆ. ಹೊಡೆದ ತಕ್ಷಣ ಡಬ್ಬಿಯೊಂದನ್ನು ಬೋರಲು ಮುಚ್ಚಿ. ಆದರೂ ಏನಾದರೂ ಕೂತರೆ ಒದ್ದೆಯಲ್ಲಿ ಕೀಳಬೇಡಿ. ಪೂರ್ತಿ ಆರಿದ ಮೇಲೆ 2000 ನಂಬರಿನ ಸ್ಯಾಂಡ್ ಪೇಪರ್ ನೀರಿಗೆ ಅದ್ದಿ ಮೆಲ್ಲಗೆ ಉಜ್ಜಿ, ಅಷ್ಟಗಲಕ್ಕೆ ಮತ್ತೆ ತೆಳ್ಳಗೆ ಹೊಡೆಯಿರಿ.

ಕಪ್ಪು ಪಟ್ಟಿ, ಕೆಂಪು ಪಟ್ಟಿ ಇದ್ದರೆ ಯಾವುದು ಮೊದಲು?

ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಬಿಳಿ, ಹಳದಿ, ಕೆಂಪು, ಕೊನೆಗೆ ಕಪ್ಪು. ಕಪ್ಪಿನ ಮೇಲೆ ಹಳದಿ ಹೊಡೆಯುವ ಸಾಹಸ ಬೇಡ. ಕಬ್‌ನ ಪಕ್ಕದಲ್ಲಿರುವ ಕಪ್ಪು ಮಿಂಚಿನ ಗೆರೆಯಂಥದ್ದಕ್ಕೆ ಟೇಪ್ ಅಂಟಿಸಿ, ಟೇಪಿನ ಅಂಚಿನ ಮೇಲೆ ಮೊದಲು ಅದೇ ಹಳದಿಯ ಒಂದು ತೆಳು ಕೋಟ್ ಹೊಡೆಯಿರಿ. ಟೇಪಿನ ಅಡಿಗೆ ನುಸುಳುವುದಿದ್ದರೆ ಹಳದಿಯೇ ನುಸುಳಿ ಸಂದು ಮುಚ್ಚುತ್ತದೆ. ಆಮೇಲೆ ಹೊಡೆದ ಕಪ್ಪಿಗೆ ದಾರಿ ಇರುವುದಿಲ್ಲ. ಟೇಪ್ ಕೀಳುವಾಗ ಮೇಲಕ್ಕೆ ಎಳೆಯದೆ, ಅದರ ಮೇಲೇ ಮಡಚಿಕೊಂಡು ಹಿಂದಕ್ಕೆ ಎಳೆಯಿರಿ.

ಹಳದಿ ಪೂರ್ತಿ ಗಟ್ಟಿಯಾಗುವ ತನಕ ಟೇಪ್ ಅಂಟಿಸಬೇಡಿ. ಲ್ಯಾಕರ್‌ಗೆ ಒಂದು ದಿನ, ನಿಧಾನವಾಗಿ ಆರುವ ಎಣ್ಣೆ ಆಧಾರದ ಎನಾಮೆಲ್‌ಗೆ ಕೊನೇಪಕ್ಷ ಮೂರ್ನಾಲ್ಕು ದಿನ. ಮೂಸಿ ನೋಡಿ, ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ಆರಿಲ್ಲ. ನನ್ನ ಎರಡನೇ ಮುಗ್ಗರಿಕೆ ಇದೇ. ಎನಾಮೆಲ್ ಹೊಡೆದ ಮಾರನೇ ದಿನ ಬಾಲ ಹಿಡಿದು ಎತ್ತಿದೆ, ಹೆಬ್ಬೆಟ್ಟಿನ ಗುರುತು ನೋಂದಣಿ ಕಚೇರಿಯಲ್ಲಿ ಒತ್ತಿದಂತೆ ಸ್ಪಷ್ಟವಾಗಿ ಮೂಡಿತ್ತು.

ಡಿಕಾಲ್‌ನ ಬಿಳಿ ಭಾಗದಲ್ಲಿ ಹಳದಿ ಇಣುಕುತ್ತಿದೆ

ಡಿಕಾಲ್‌ನಲ್ಲಿ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಅಚ್ಚಾದ ಬಿಳಿ ಬಹಳ ತೆಳು. ಹಳದಿಯ ಮೇಲೆ ಅದು ಹಳೆಯ ಕಾಗದದ ಬಣ್ಣಕ್ಕೆ ಬರುತ್ತದೆ. ಕಿಟ್‌ನಲ್ಲಿ ಎರಡು ಜೊತೆ ಇದ್ದರೆ ಒಂದರ ಮೇಲೊಂದು ಅಂಟಿಸಬಹುದು, ಆದರೆ ಜೋಡಿಸುವಾಗ ಕೂದಲೆಳೆ ತಪ್ಪಿದರೂ ಕಾಣುತ್ತದೆ. ನನಗೆ ಇಷ್ಟವಾದ ದಾರಿ ಬೇರೆ. ಬಿಳಿ ಪ್ರೈಮರ್ ಆದ ಮೇಲೆ, ಹಳದಿ ಹೊಡೆಯುವ ಮೊದಲೇ, ಗುರುತು ಬರುವ ಜಾಗದಲ್ಲಿ ಡಿಕಾಲ್‌ಗಿಂತ ಅರ್ಧ ಮಿಲಿಮೀಟರ್ ಚಿಕ್ಕದಾದ ಟೇಪ್ ವೃತ್ತ ಅಂಟಿಸಿಬಿಡುವುದು. ಹಳದಿ ಮುಗಿದ ಮೇಲೆ ಅದನ್ನು ಕಿತ್ತರೆ ಡಿಕಾಲ್‌ಗೆ ಬಿಳಿ ನೆಲವೇ ಸಿಗುತ್ತದೆ. ವೃತ್ತದ ಅಂಚಿನ ಏಣನ್ನು ನಯವಾಗಿ ಉಜ್ಜಿ, ಒಂದು ಹೊಳಪಿನ ಕ್ಲಿಯರ್ ಕೋಟ್ ಕೊಟ್ಟು ಆಮೇಲೆ ಅಂಟಿಸಿ.

ಪ್ಯಾನೆಲ್ ಗೆರೆಗಳಿಗೆ ಕಪ್ಪು ವಾಶ್ ಹಾಕಬಹುದಾ?

ವಾಶ್ ಅಂದರೆ ಮೈಮೇಲಿನ ಹಾಳೆಗಳು ಸೇರುವ ಗೆರೆಯೊಳಗೆ ಹರಿಯುವಷ್ಟು ತೆಳ್ಳಗಿನ ಬಣ್ಣ. ಕಪ್ಪು ಹಾಕಿದರೆ ವಿಮಾನ ಗೆರೆ ಎಳೆದ ವ್ಯಂಗ್ಯಚಿತ್ರದಂತೆ ಕಾಣುತ್ತದೆ, ಜೊತೆಗೆ ಗೆರೆಯ ಪಕ್ಕ ಹಸಿರು ಛಾಯೆ. ಕೆಂಪು ಬೆರೆತ ಕಂದು ವಾಶ್ ಹಾಕಿ, ತೆಳ್ಳಗೆ. ಎಂಜಿನ್ ಸುತ್ತ ಮಾತ್ರ ಸ್ವಲ್ಪ ಗಾಢ ಕಂದು ಸರಿಹೋಗುತ್ತದೆ. ವಾಶ್‌ಗೆ ಮೊದಲು ಹೊಳಪಿನ ಕ್ಲಿಯರ್ ಕೋಟ್ ಇರಲೇಬೇಕು. ಇಲ್ಲದಿದ್ದರೆ ಕಂದು ಬಣ್ಣ ಹಳದಿಯೊಳಗೆ ಇಳಿದು, ಎಷ್ಟು ಒರೆಸಿದರೂ ಹೋಗದ ಕೊಳೆಯಾಗಿ ಕೂರುತ್ತದೆ.

ಟೈಗರ್ ಮಾತ್, ಸ್ಟಿಯರ್‌ಮನ್, ಕಬ್ ರೆಕ್ಕೆಗಳ ಹೊದಿಕೆ ಬಟ್ಟೆಯದ್ದು, ಅಲ್ಲಿ ಲೋಹದ ಪ್ಯಾನೆಲ್ ಗೆರೆಯೇ ಇಲ್ಲ ಅಲ್ವಾ. ಅವಕ್ಕೆ ವಾಶ್ ಬಿಡಿ. ಪಕ್ಕೆಲುಬುಗಳ ನಡುವಿನ ತಗ್ಗಿಗೆ, ಹಳದಿಗೆ ಚೂರು ಕಿತ್ತಳೆ ಬೆರೆಸಿ ತುಂಬ ತೆಳ್ಳಗೆ ಊದಿದರೆ ಬಟ್ಟೆ ಎಳೆದು ಬಿಗಿದಂತೆ ಕಾಣುತ್ತದೆ.

ಕೊನೆಯ ಕೋಟ್ ಹೊಳಪಾ, ಮ್ಯಾಟಾ?

ಶಾಂತಿಕಾಲದ ತರಬೇತಿ ವಿಮಾನವಾದರೆ ಹೊಳಪು ಅಥವಾ ಅರೆಹೊಳಪು. ಪೂರ್ತಿ ಮ್ಯಾಟ್ ಹೊಡೆದರೆ ಹಳದಿ ಸುಣ್ಣ ಬಳಿದಂತೆ ಸಪ್ಪೆಯಾಗುತ್ತದೆ. ಯುದ್ಧಕಾಲದ ಹಳದಿ ಮೂಗಿಗೆ ಮ್ಯಾಟ್ ಒಪ್ಪುತ್ತದೆ.

ಎಲ್ಲಾ ಕೆಟ್ಟುಹೋಯಿತು. ಬಣ್ಣ ತೆಗೆದು ಮತ್ತೆ ಶುರು ಮಾಡಬಹುದಾ?

ಮಾಡಬಹುದು. ಅಕ್ರಿಲಿಕ್ ಆದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಬರುತ್ತದೆ. ಲ್ಯಾಕರ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದನ್ನು ಉಜ್ಜಿ ಸಮಮಾಡಿ, ಮೇಲೆ ಬಿಳಿ ಪ್ರೈಮರ್ ಹೊಡೆದು ಮುಂದುವರಿಯಿರಿ. ಕಾಕ್‌ಪಿಟ್‌ನ ಪಾರದರ್ಶಕ ಭಾಗಗಳನ್ನು ಮಾತ್ರ ಆಲ್ಕೋಹಾಲ್‌ಗೆ ಹಾಕಬೇಡಿ, ಬಿರುಕು ಬಿಡಬಹುದು. ನನ್ನ ಹಾರ್ವರ್ಡ್ ಹೀಗೆ ಸ್ನಾನ ಮಾಡಿಯೇ ಎರಡನೇ ಸಲ ಹಳದಿಯಾಗಿದ್ದು. ಗಮನವಿಟ್ಟು ನೋಡಿದರೆ ಎಡ ರೆಕ್ಕೆಯ ಸಂದಿನಲ್ಲಿ ಇನ್ನೂ ಒಂದೆಳೆ ಹಸಿರು ಇದೆ.

ಉಳಿದ ಬಣ್ಣ ಏನು ಮಾಡಲಿ?

ನೀವೇ ಬೆರೆಸಿದ ಹಳದಿಯಾದರೆ ಒಂದು ಹನಿಯನ್ನೂ ಚೆಲ್ಲಬೇಡಿ, ಅದೇ ಛಾಯೆ ಮತ್ತೆ ಬರುವುದಿಲ್ಲ. ಗಾಳಿಯಾಡದ ಸಣ್ಣ ಬಾಟಲಿಗೆ ಹಾಕಿ, ಮುಚ್ಚಳದ ಮೇಲೆ ಆ ಹಳದಿಯ ಒಂದು ಚುಕ್ಕೆ ಇಟ್ಟು, ಅಡಿಗೆ ಯಾವ ಪ್ರೈಮರ್ ಹಾಕಿದ್ದಿರಿ ಅಂತಲೂ ಬರೆದಿಡಿ. ಲ್ಯಾಂಡಿಂಗ್ ಗೇರ್‌ನ ಬಾಗಿಲು ಅಂಟಿಸುವಾಗ ಒಂದು ಕಡೆ ಬಣ್ಣ ಏಳುವುದು ಹೆಚ್ಚುಕಡಿಮೆ ಖಚಿತ, ಆಗ ಅದು ಬೇಕಾಗುತ್ತದೆ.